ಬಂದು ಕೊಟ್ಟ ಮತ, ಬಾರದೆ ಕೊಟ್ಟ ಮತ

(ಹೊಳೆಹೊನ್ನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಪಂಚಾಯಿತಿಗೆ ಬಂದ ದುಡ್ಡನ್ನು ಯಾವ ಕೆಲಸಕ್ಕೆ ಹಾಕಬೇಕೆಂದು ಊರಿನವರೇ ಕೂತು ತೀರ್ಮಾನಿಸುವ ಸಭೆ ಇದೆ. ಆ ದಿನ ನನಗೆ ಹೋಗಲು ಆಗುವುದಿಲ್ಲ. ನನ್ನ ಮತವನ್ನು ನನಗೆ ನಂಬಿಕೆ ಇರುವ ಇನ್ನೊಬ್ಬರ ಕೈಗೆ ಕೊಟ್ಟು ಕಳಿಸಬಹುದೇ? ಕಳಿಸಿದರೆ ಯಾವ ವಿಷಯಕ್ಕೆ, ಎಷ್ಟು ದಿನಕ್ಕೆ? ಅವರು ಅಲ್ಲಿ ಬೇರೆಯದನ್ನೇ ಹೇಳಿಬಂದರೆ ಏನು ಮಾಡುವುದು? ಇವತ್ತು ನಾನು ಮಾತಾಡುವುದು ಇಷ್ಟರ ಮೇಲೆಯೇ. ಜನರೇ ಬಜೆಟ್ಟಿನ ಒಂದು ಪಾಲನ್ನು ಹಂಚುವ ಪದ್ಧತಿ ಜಗತ್ತಿನ ಹಲವು ನಗರಗಳಲ್ಲಿ ಬಂದಿದೆ, ಸಹಭಾಗಿತ್ವದ ಬಜೆಟ್ ಎಂದು ಅದಕ್ಕೆ ಹೆಸರು. ಅಲ್ಲೆಲ್ಲ ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಚರ್ಚೆ ಮಾಡಿದ್ದಾರೆ. ನಮ್ಮಲ್ಲಿ ಚರ್ಚೆ ಆಗಿಲ್ಲ. ಯಾರೂ ಕೇಳುವ ಮೊದಲೇ ನಾವು ಅದಕ್ಕೊಂದು ಉತ್ತರ ಮಾಡಿಕೊಂಡು ಕೂತಿದ್ದೇವೆ.

ನಾನು ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು, ರಾಜ್ಯಶಾಸ್ತ್ರದ ಪಂಡಿತನಲ್ಲ. ನಡಾವಳಿ ಪುಸ್ತಕ ಕಂಡರೆ ತೆರೆದು ಓದುವ ಚಟ ಮಾತ್ರ ಇನ್ನೂ ಹೋಗಿಲ್ಲ.

ಕಾಯ್ದೆ ಏನು ಹೇಳುತ್ತದೆ ನೋಡೋಣ. ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಮಂಡಲ ಪಂಚಾಯಿತಿ ಕಾಯ್ದೆಯಲ್ಲೇ ಗ್ರಾಮಸಭೆಗೆ ಜಾಗ ಇತ್ತು. ಈಗ ಜಾರಿಯಲ್ಲಿರುವುದು 1993ರ ಪಂಚಾಯತ್ ರಾಜ್ ಅಧಿನಿಯಮ. ಅದರ 3ನೇ ಪ್ರಕರಣ ವಾರ್ಡ್ ಸಭೆಯದು, 3-ಎ ಗ್ರಾಮಸಭೆಯದು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಈ ಸಭೆಯ ಸದಸ್ಯರು. ಗ್ರಾಮಸಭೆಯ ಕೋರಂ ಎಂದರೆ ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟು ಹೆಂಗಸರು ಇರಬೇಕು, ಪರಿಶಿಷ್ಟರು ಅವರ ಜನಸಂಖ್ಯೆಗೆ ತಕ್ಕಷ್ಟು ಇರಬೇಕು ಎಂದೂ ಇದೆ. ಬಾರದವರ ಪರವಾಗಿ ಇನ್ನೊಬ್ಬರು ಕೈ ಎತ್ತಬಹುದು ಎಂಬ ಮಾತು ಮಾತ್ರ ಎಲ್ಲೂ ಇಲ್ಲ.

ಇನ್ನು ನಡೆಯುವುದೇನು? ನಮ್ಮ ಹೋಬಳಿಯ ಯಾವುದೋ ಒಂದು ಊರು ಎಂದಿಟ್ಟುಕೊಳ್ಳಿ, ಹೆಸರು ಬೇಡ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದು ಹಿಂದಿನ ದಿನ ಟಾಂ ಟಾಂ ಆಗಿದೆ. ಶಾಲೆಯ ಮುಂದೆ ಶಾಮಿಯಾನ, ಬಾಡಿಗೆ ಕುರ್ಚಿ. ನೋಡಲ್ ಅಧಿಕಾರಿ ತಾಲ್ಲೂಕಿನಿಂದ ಬಂದು ಕೂತಿದ್ದಾರೆ. ಪಿಡಿಒ ಹೋದ ವರ್ಷದ ಕ್ರಿಯಾಯೋಜನೆ ಓದುತ್ತಿದ್ದಾರೆ, ಮೈಕು ಕಿರ್ ಎನ್ನುತ್ತಿದೆ. ಮುಂದಿನ ಸಾಲಿನಲ್ಲಿ ಗುತ್ತಿಗೆದಾರರು, ಮಾಜಿ ಸದಸ್ಯರು, ಎರಡೂ ಪಕ್ಷದ ನಾಲ್ಕು ನಾಲ್ಕು ಜನ. ಹಿಂದೆ ಸ್ತ್ರೀಶಕ್ತಿ ಸಂಘದ ಹೆಂಗಸರು, ಅವರನ್ನು ಅಂಗನವಾಡಿ ಕಾರ್ಯಕರ್ತೆ ಕರೆತಂದಿದ್ದಾರೆ. ಚರಂಡಿಯ ಮಾತು ಬಂತು. ಒಬ್ಬರು ಎದ್ದು ನಿಂತು, 'ನಮ್ ಕೇರಿಯೋರ್ದೆಲ್ಲ ಇದೇ ಮಾತು, ಬರ್ಕಳಿ ಸಾರ್' ಎಂದರು. ಬರೆದುಕೊಂಡರು. ಆ ಕೇರಿಯ ಹೆಂಗಸರು ಅದೇ ಹೊತ್ತಿಗೆ ಭದ್ರಾ ನಾಲೆಯ ಪಕ್ಕದ ಗದ್ದೆಯಲ್ಲಿ ಗುತ್ತಿಗೆ ನಾಟಿ ಮಾಡುತ್ತಿದ್ದರು. ಅವರನ್ನು ಕೇಳಿ ನೋಡಿ. 'ನಾಟಿ ಬಿಟ್ಟು ಬಂದ್ರೆ ಕೂಲಿ ಯಾರ್ ಕೊಡ್ತಾರೆ?' ಎನ್ನುತ್ತಾರೆ. ಸಂಜೆ ಹಾಜರಿ ಪುಸ್ತಕ ಮನೆ ಮನೆಗೆ ಹೋಗುತ್ತದೆ. ಬಿಲ್ ಕಲೆಕ್ಟರೋ ನೀರುಗಂಟಿಯೋ ಹಿಡಿದುಕೊಂಡು ಬರುತ್ತಾರೆ. ಕೈ ತೊಳೆದುಕೊಂಡು ಬಂದ ಹೆಂಗಸು ಹೆಬ್ಬೆಟ್ಟು ಒತ್ತುತ್ತಾಳೆ, ಇಲ್ಲವೇ ಸಹಿ ಹಾಕುತ್ತಾಳೆ. ಕೋರಂ ತುಂಬಿತು. ಎಲ್ಲ ಊರಿನಲ್ಲೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಈ ಸಭಾಂಗಣದಲ್ಲಿ ನಗುತ್ತಿರುವವರು ಯಾರು ಯಾರು ಎಂದು ನನಗೆ ಕಾಣುತ್ತಿದೆ, ಅಷ್ಟು ಸಾಕು.

ಹಾಗೆ ನೋಡಿದರೆ ಮತವನ್ನು ಬೇರೆಯವರಿಗೆ ಒಪ್ಪಿಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಕೇರಿಯ ಯಜಮಾನ ಕೇರಿಯವರೆಲ್ಲರ ಮಾತಾಡುತ್ತಾನೆ. ಸದಸ್ಯೆಯ ಗಂಡ ಸದಸ್ಯೆಯ ಮಾತಾಡುತ್ತಾನೆ, ಅದಕ್ಕಂತೂ ದೆಹಲಿಯವರೆಗೆ ಸಮಿತಿ ಕೂತಿತ್ತು. ಒಪ್ಪಿಸಿದವರು ಯಾರು, ಯಾವ ವಿಷಯಕ್ಕೆ ಒಪ್ಪಿಸಿದರು, ಯಾವಾಗ ವಾಪಸ್ ಪಡೆಯಬಹುದು ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಕಾಯ್ದೆಯಲ್ಲಿ ಇಲ್ಲದ್ದನ್ನು ಹೊಸದಾಗಿ ತರಬೇಕೇ ಎಂದು ಕೇಳುವವರಿಗೆ ನನ್ನ ಮೊದಲ ಮಾತು ಇದು: ಇಲ್ಲದ್ದನ್ನು ತರುವ ವಿಚಾರ ಇದಲ್ಲ, ಇರುವುದನ್ನು ಬರೆದಿಡಬೇಕೋ ಬೇಡವೋ ಎಂಬ ವಿಚಾರ.

ಬರೆದಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ಭದ್ರಾವತಿಯವರೆಗೆ ಹೋದರೆ ಸಾಕು. ಆ ಒಂದೇ ಊರಿನಲ್ಲಿ ಈ ವಿಷಯಕ್ಕೆ ಎರಡು ತದ್ವಿರುದ್ಧ ಕಾನೂನುಗಳು ಪಕ್ಕಪಕ್ಕದಲ್ಲೇ ಬದುಕಿವೆ.

ಕಾಗದ ಕಾರ್ಖಾನೆಯ, ಅಂದರೆ ಎಂಪಿಎಂನ ಷೇರು ಇಟ್ಟುಕೊಂಡಿದ್ದ ಮನೆಗಳು ಈ ಸುತ್ತಿನಲ್ಲಿ ಹಲವು ಇವೆ. ವಾರ್ಷಿಕ ವರದಿಯ ಜೊತೆ ಒಂದು ಫಾರಂ ಬರುತ್ತಿತ್ತು, ಪ್ರಾಕ್ಸಿ ಫಾರಂ. ಮಹಾಸಭೆಗೆ ನೀವು ಬಾರದಿದ್ದರೆ ನಿಮ್ಮ ಪರ ಮತ ಹಾಕುವವರ ಹೆಸರು ಬರೆದು ಸಭೆಗೆ 48 ಗಂಟೆ ಮುಂಚೆ ತಲುಪಿಸಿದರಾಯಿತು. ಕಂಪನಿ ಕಾನೂನು ಇದನ್ನು ಹಕ್ಕು ಎಂದೇ ಒಪ್ಪಿದೆ. ಒಪ್ಪಿಯೂ ಎಷ್ಟು ಹುಷಾರು ನೋಡಿ. ಪ್ರಾಕ್ಸಿಯಾಗಿ ಬಂದವನಿಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ. ಕೈ ಎತ್ತಿ ತೀರ್ಮಾನಿಸುವಾಗ ಅವನ ಕೈ ಲೆಕ್ಕಕ್ಕಿಲ್ಲ, ಮತ ಎಣಿಕೆಗೆ ಹೋದರೆ ಮಾತ್ರ ಲೆಕ್ಕ. 2013ರ ಕಾಯ್ದೆ ಬಂದ ಮೇಲೆ ಒಬ್ಬನೇ 50ಕ್ಕಿಂತ ಹೆಚ್ಚು ಸದಸ್ಯರ ಪ್ರಾಕ್ಸಿಯಾಗುವಂತಿಲ್ಲ, ಅವರ ಷೇರುಗಳೆಲ್ಲ ಸೇರಿ ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ದುಡ್ಡಿದ್ದಷ್ಟು ಮತ ಎನ್ನುವ ಕಂಪನಿ ಕೂಡ ಬೇರೆಯವರ ಮತ ಒಂದೇ ಕೈಯಲ್ಲಿ ಗುಡ್ಡೆ ಬೀಳುವುದಕ್ಕೆ ಹೆದರಿದೆ.

ಅದೇ ಭದ್ರಾವತಿಯ ಸಹಕಾರ ಸಂಘಕ್ಕೆ ಬನ್ನಿ. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ ಪ್ರಕಾರ ಸದಸ್ಯನಿಗೆ ಒಂದೇ ಮತ, ಒಂದು ಷೇರಿರಲಿ ನೂರಿರಲಿ. ಆ ಮತವನ್ನು ಅವನೇ ಖುದ್ದಾಗಿ ಬಂದು ಹಾಕಬೇಕು, ಪ್ರಾಕ್ಸಿ ಕೂಡದು ಎಂದು 21ನೇ ಪ್ರಕರಣ ಸ್ಪಷ್ಟವಾಗಿ ಹೇಳಿದೆ. ಮುಂದೆ 97ನೇ ಸಂವಿಧಾನ ತಿದ್ದುಪಡಿಯ ನಂತರ ಇನ್ನೂ ಬಿಗಿ ಮಾಡಿದರು. ಮಹಾಸಭೆಗಳಿಗೆ ಇಂತಿಷ್ಟು ಸಲ ಹಾಜರಾಗದವರು ಮತದ ಹಕ್ಕನ್ನೇ ಕಳೆದುಕೊಳ್ಳುವ ನಿಯಮ ಬಂತು. ಚುನಾವಣೆ ಹತ್ತಿರ ಬಂದಾಗ ಅರ್ಹ, ಅನರ್ಹ ಎಂದು ಎರಡು ಪಟ್ಟಿ ಗೋಡೆಗೆ ಹತ್ತುವುದನ್ನು, ಅನರ್ಹರು ಹೈಕೋರ್ಟಿಗೆ ಓಡುವುದನ್ನು ನೀವೆಲ್ಲ ನೋಡಿದ್ದೀರಿ. ಬಾರದವನಿಗೆ ಕಂಪನಿ ಫಾರಂ ಕಳಿಸಿತು, ಸಂಘ ದಂಡ ಹಾಕಿತು.

ಆದರೆ ಸಂಘದ ಕಾನೂನಿಗೂ ಒಂದು ಹಿತ್ತಲ ಬಾಗಿಲಿದೆ. ಒಂದು ಸಂಘವೇ ಇನ್ನೊಂದು ಸಂಘದ ಸದಸ್ಯನಾದರೆ ಅದು ಖುದ್ದಾಗಿ ಹೋಗಿ ಮತ ಹಾಕುವುದು ಹೇಗೆ? ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಂಘ ಡಿಸಿಸಿ ಬ್ಯಾಂಕಿನ ಸದಸ್ಯ. ಆಡಳಿತ ಮಂಡಳಿ ಕೂತು ಠರಾವು ಮಾಡಿ ತನ್ನಲ್ಲೊಬ್ಬನನ್ನು ಡೆಲಿಗೇಟ್ ಎಂದು ಕಳಿಸುತ್ತದೆ. ನೂರಾರು ರೈತರ ಮತ ಆ ಒಬ್ಬನ ಬೆರಳ ತುದಿಗೆ ಬಂದು ಕೂರುತ್ತದೆ. ಮುಂದಿನ ಕಥೆ ನಿಮಗೆ ಗೊತ್ತು. ಬ್ಯಾಂಕಿನ ಚುನಾವಣೆಗೆ ನಿಂತ ಅಭ್ಯರ್ಥಿಗೆ ಸಾವಿರಾರು ರೈತರ ಮನೆ ತಿರುಗುವ ಕೆಲಸ ತಪ್ಪಿತು, ತಾಲ್ಲೂಕಿನ ಮೂವತ್ತು ನಲವತ್ತು ಡೆಲಿಗೇಟುಗಳನ್ನು ಹಿಡಿದುಕೊಂಡರೆ ಸಾಕು. ಅವರನ್ನು ವಾರದ ಮೊದಲೇ ಯಾವುದೋ ರೆಸಾರ್ಟಿಗೆ ಕರೆದೊಯ್ದ ಸುದ್ದಿ ರಾಜ್ಯದ ಯಾವ ಜಿಲ್ಲೆಯ ಪತ್ರಿಕೆಯಲ್ಲೂ ಹೊಸದಲ್ಲ. ಮತದಾನ ಗುಪ್ತ, ಆದ್ದರಿಂದ ಡೆಲಿಗೇಟ್ ಸಂಘ ಹೇಳಿದವರಿಗೇ ಹಾಕಿದನೋ ಇಲ್ಲವೋ ಸಂಘಕ್ಕೆ ಎಂದೂ ತಿಳಿಯುವುದಿಲ್ಲ. ಗುಪ್ತ ಮತ ಎಂಬುದು ಮತದಾರನನ್ನು ಬಲಾಢ್ಯನಿಂದ ಕಾಪಾಡಲು ಹುಟ್ಟಿದ್ದು. ಇಲ್ಲಿ ಅದು ಪ್ರತಿನಿಧಿಯನ್ನು ಕಳಿಸಿದವರಿಂದಲೇ ಕಾಪಾಡುತ್ತಿದೆ. ತಪಾಸಣೆಯ ದಿನಗಳಲ್ಲಿ ಆ ಠರಾವುಗಳನ್ನು ಓದುವಾಗ ನನಗೆ ವಿಚಿತ್ರ ಎನಿಸುತ್ತಿದ್ದುದು ಇದೇ. ಯಾರನ್ನು ಕಳಿಸಬೇಕು ಎಂಬುದಿರುತ್ತಿತ್ತು, ಹೋಗಿ ಏನು ಹೇಳಬೇಕು ಎಂಬುದು ಒಂದು ಸಾಲೂ ಇರುತ್ತಿರಲಿಲ್ಲ. ಹೋಗಿಬಂದ ಮೇಲೆ ಏನು ಹೇಳಿದ ಎಂಬುದೂ ಇರುತ್ತಿರಲಿಲ್ಲ.

ಇದನ್ನು ನೋಡಿ, ಪ್ರತಿನಿಧಿಗೆ ಒಪ್ಪಿಸುವುದೇ ಕೆಟ್ಟದ್ದು ಎಂದು ಬಾಗಿಲು ಹಾಕಬಹುದು. ಹಾಗೆ ಮಾಡಲು ನನಗೆ ಮನಸ್ಸು ಬಾರದಿರುವುದಕ್ಕೆ ಕಾರಣ ಎರಡು ಊರುಗಳು. ಒಂದು ಬ್ರೆಜಿಲ್‌ನಲ್ಲಿದೆ, ಇನ್ನೊಂದು ನಮ್ಮ ಕಾಸರಗೋಡು.

ಬ್ರೆಜಿಲ್‌ನ ದಕ್ಷಿಣದಲ್ಲಿ ಪೋರ್ಟೊ ಅಲೆಗ್ರೆ ಎಂಬ ನಗರ. 1989ರಲ್ಲಿ ವರ್ಕರ್ಸ್ ಪಾರ್ಟಿಯ ಒಲಿವಿಯೊ ದುತ್ರ ಅಲ್ಲಿನ ಮೇಯರ್ ಆದರು. ನಗರವನ್ನು ಹದಿನಾರು ವಲಯ ಮಾಡಿ, ಹೊಸ ಕಾಮಗಾರಿಗಳ ದುಡ್ಡು ಎಲ್ಲಿಗೆ ಹೋಗಬೇಕೆಂದು ವಲಯದ ಜನರನ್ನೇ ಕೇಳಲು ಶುರು ಮಾಡಿದರು. ನೀರು, ಚರಂಡಿ, ರಸ್ತೆಗೆ ಡಾಂಬರು, ಹೀಗೆ ನಮ್ಮವೇ ಬೇಡಿಕೆಗಳು. ವಲಯದ ದೊಡ್ಡ ಸಭೆಯಲ್ಲಿ ಬಂದವರೆಲ್ಲ ಸೇರಿ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಎಷ್ಟು ಪ್ರತಿನಿಧಿಗಳು? ಎಷ್ಟು ಜನ ಸಭೆಗೆ ಬಂದಿದ್ದಾರೋ ಅದರ ಮೇಲೆ. ಒಂದು ಕಾಲದ ನಿಯಮ ಹೀಗಿತ್ತು: ಮೊದಲ ನೂರು ಜನರವರೆಗೆ ಹತ್ತು ಜನಕ್ಕೊಬ್ಬ, ನೂರಾ ಒಂದರಿಂದ ಇನ್ನೂರೈವತ್ತರವರೆಗೆ ಇಪ್ಪತ್ತಕ್ಕೊಬ್ಬ, ಅಲ್ಲಿಂದ ನಾನೂರರವರೆಗೆ ಮೂವತ್ತಕ್ಕೊಬ್ಬ, ಅದರಾಚೆ ನಲವತ್ತಕ್ಕೊಬ್ಬ.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಲೆಕ್ಕದವನಾದ ನನಗೆ ಇದರಲ್ಲಿ ಬಹಳ ರುಚಿ. ಸಭೆಗೆ ಬಾರದ ಕೇರಿಗೆ ಪ್ರತಿನಿಧಿಯೇ ಇಲ್ಲ, ಆದ್ದರಿಂದ ಬರಲೇಬೇಕು. ಹಾಗೆಂದು ಯಾರೋ ಒಬ್ಬ ಧಣಿ ನಾಲ್ಕು ಟ್ರ್ಯಾಕ್ಟರ್ ತುಂಬ ಜನ ತಂದು ಇಳಿಸಿದರೆ ಅವನಿಗೆ ಸಿಗುವ ಪ್ರತಿನಿಧಿಗಳು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಮೊದಲ ನೂರು ಜನಕ್ಕೆ ಹತ್ತು ಸಿಕ್ಕಿದರೆ, ನಾನೂರರ ಮೇಲೆ ತಂದ ನೂರಕ್ಕೆ ಎರಡು ಮೂರು. ಬಂದವನಿಗೆ ಬೆಲೆ ಇದೆ, ತಂದವನಿಗೆ ಲಾಭ ಕಡಿಮೆ. ಹೀಗೆ ಆಯ್ಕೆಯಾದವರು ವರ್ಷವಿಡೀ ವಲಯದಲ್ಲಿ ಸೇರುತ್ತಿದ್ದರು. ಪ್ರತಿ ವಲಯದಿಂದ ಇಬ್ಬರು ನಗರದ ಬಜೆಟ್ ಮಂಡಳಿಗೆ ಹೋಗುತ್ತಿದ್ದರು. ಅವರ ಅವಧಿ ಒಂದೇ ವರ್ಷ, ಸತತ ಎರಡು ಸಲದ ಮೇಲೆ ಇಲ್ಲ, ಸರಿಯಿಲ್ಲವೆಂದರೆ ನಡುವೆಯೇ ವಾಪಸ್ ಕರೆಸಬಹುದು. 2004ರ ಚುನಾವಣೆಯಲ್ಲಿ ಆ ಪಕ್ಷ ಸೋತ ಮೇಲೆ ಈ ಏರ್ಪಾಡು ಬಡವಾಗುತ್ತ ಬಂತು. ಅದು ರಾಜಕೀಯದ ಕಥೆ, ಲೆಕ್ಕದ ತಪ್ಪಲ್ಲ.

ಕಾಸರಗೋಡಿನದು ಇನ್ನೂ ಹತ್ತಿರದ ಕಥೆ. ಕೇರಳ ಸರ್ಕಾರ 1996ರ ಆಗಸ್ಟ್ 17ರಂದು, ಸಿಂಹ ಮಾಸದ ಮೊದಲ ದಿನ, ಜನಕೀಯ ಯೋಜನೆ ಎಂಬ ಆಂದೋಲನ ಶುರು ಮಾಡಿತು. ರಾಜ್ಯದ ಯೋಜನಾ ವೆಚ್ಚದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಇ.ಎಂ.ಎಸ್. ನಂಬೂದಿರಿಪಾಡ್ ಮಾರ್ಗದರ್ಶನ ಮಂಡಳಿಯ ಮುಖ್ಯಸ್ಥರು. ಕೆಲಸದ ಭಾರ ಹೊತ್ತವರಲ್ಲಿ ಯೋಜನಾ ಮಂಡಳಿಯ ಥಾಮಸ್ ಐಸಾಕ್ ಒಬ್ಬರು. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ಕಾರಡ್ಕ, ಹೀಗೆ ಕನ್ನಡದವರು ಇರುವ ಪಂಚಾಯತುಗಳೂ ಈ ಆಂದೋಲನದೊಳಗೇ ಬಂದವು. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು. ಸಭೆಗಳನ್ನು ರಜಾದಿನ ಇಟ್ಟರು. ಬಂದ ಜನರನ್ನು ಇಡೀ ದಿನ ಒಂದೇ ಗುಂಪಾಗಿ ಕೂರಿಸಿ ಭಾಷಣ ಕೇಳಿಸಲಿಲ್ಲ, ಕೃಷಿ, ಕುಡಿಯುವ ನೀರು, ಶಿಕ್ಷಣ, ಮಹಿಳೆಯರು, ಪರಿಶಿಷ್ಟರು ಎಂದು ವಿಷಯವಾರು ಸಣ್ಣ ಗುಂಪು ಮಾಡಿದರು. ಪ್ರತಿ ಗುಂಪೂ ಚರ್ಚೆ ಮುಗಿಸಿ, ಪಂಚಾಯತ್ ಮಟ್ಟದ ವಿಕಸನ ಸೆಮಿನಾರಿಗೆ ತನ್ನ ಪ್ರತಿನಿಧಿಗಳನ್ನು ಆರಿಸಿ ಕಳಿಸಿತು, ಅವರಲ್ಲಿ ಹೆಂಗಸರೂ ಇರಬೇಕೆಂಬ ಕಟ್ಟಳೆಯೊಡನೆ.

ಇಲ್ಲಿ ಮತ ಕೊಟ್ಟವರು ಯಾರು ಎಂದು ಗಮನಿಸಿ. ಸಭೆಗೆ ಬಂದು, ಒಂದು ಹೊತ್ತು ಕೂತು, ಬಾವಿ ಬೇಕೋ ಪೈಪು ಬೇಕೋ ಎಂದು ಜಗಳಾಡಿ, ಆ ಜಗಳದಲ್ಲಿ ಯಾರು ಸರಿಯಾಗಿ ಮಾತಾಡಿದರು ಎಂದು ಕಣ್ಣಾರೆ ನೋಡಿದವರು. ಅವರು ಒಪ್ಪಿಸಿದ್ದು ತಾವು ಬಾರದ ಕಾರಣಕ್ಕಲ್ಲ, ಮುಂದಿನ ಹಂತಕ್ಕೆ ಎಲ್ಲರೂ ಹೋಗಲಾಗದ ಕಾರಣಕ್ಕೆ. ನಾನು ಬಂದು ಕೊಟ್ಟ ಮತ ಎನ್ನುವುದು ಇದನ್ನು. ಕಾಸರಗೋಡಿನ ಕನ್ನಡಿಗರಿಗೆ ಇನ್ನೊಂದು ತೊಡಕೂ ಉಂಟು. ಮನೆಯಲ್ಲೂ ಶಾಲೆಯಲ್ಲೂ ಕನ್ನಡ ಓದಿದವರ ಮುಂದೆ ಕರಡು ಯೋಜನೆ ಮಲಯಾಳದಲ್ಲಿ ಬಂದರೆ, ಎರಡೂ ಬಲ್ಲ ಪ್ರತಿನಿಧಿಯ ಮೇಲೆ ಬೀಳುವ ಹೊರೆ ಇಮ್ಮಡಿ, ಅವನ ಕೈಗೆ ಬರುವ ಅಧಿಕಾರವೂ ಇಮ್ಮಡಿ. ಅವನು ಓದಿ ಹೇಳಿದ್ದೇ ಉಳಿದವರಿಗೆ ಯೋಜನೆ. ನಮ್ಮಲ್ಲೂ ಎಸ್ಟಿಮೇಟಿನ ಇಂಗ್ಲಿಷ್ ಹಾಳೆ ಹಿಡಿದು 'ಇದರಲ್ಲಿ ಬರಲ್ಲ ಕಣ್ರೀ' ಎನ್ನುವವರು ಇದ್ದಾರಲ್ಲ, ಅದೇ.

ಇನ್ನು ಬಾರದೆ ಕೊಡುವ ಮತ. ಇದಕ್ಕೆ ಈಚೆಗೆ ದೊಡ್ಡ ಸಿದ್ಧಾಂತವೇ ಇದೆ. ಬೇಕಾದವರು ತಾವೇ ಮತ ಹಾಕಲಿ, ಬೇಡವಾದವರು ನಂಬಿದವರಿಗೆ ಕೊಡಲಿ, ಆ ನಂಬಿದವರು ಇನ್ನೊಬ್ಬರಿಗೆ ಕೊಡಲಿ, ಯಾವಾಗ ಬೇಕಾದರೂ ವಾಪಸ್ ಪಡೆಯಲಿ. ಬೀಜ ಹಳೆಯದು. ಆಲಿಸಳ ಕಥೆ ಬರೆದ ಲೂಯಿಸ್ ಕ್ಯಾರೊಲ್ ನಿಜವಾಗಿ ಗಣಿತದ ಮೇಷ್ಟರು. 1884ರಲ್ಲಿ ಅವರು ಬರೆದ ಒಂದು ಕಿರುಹೊತ್ತಿಗೆಯಲ್ಲಿ, ಅಭ್ಯರ್ಥಿಗಳು ತಮಗೆ ಬಂದ ಮತಗಳನ್ನು ಇನ್ನೊಬ್ಬ ಅಭ್ಯರ್ಥಿಗೆ ವರ್ಗಾಯಿಸುವ ಏರ್ಪಾಡು ಇದೆ. ಕಂಪ್ಯೂಟರ್ ಬಂದ ಮೇಲೆ ಜರ್ಮನಿಯ ಪೈರೇಟ್ ಪಾರ್ಟಿ 2010ರಿಂದ ಇದನ್ನು ತನ್ನೊಳಗೆ ಮಾಡಿ ನೋಡಿತು. ಮತಗಳು ಕೈಯಿಂದ ಕೈಗೆ ಹರಿದು ನಾಲ್ಕಾರು ಜನರ ಬಳಿ ನೂರರ ಲೆಕ್ಕದಲ್ಲಿ ಸೇರಿದವು. ಆಮೇಲೆ ಆ ದಾಖಲೆಗಳನ್ನು ಕೆದಕಿದ ಸಂಶೋಧಕರು ಒಂದು ಸಮಾಧಾನದ ಮಾತನ್ನೂ ಹೇಳಿದರು: ಹಾಗೆ ಮತ ಪೇರಿಸಿಕೊಂಡವರು ಹೆಚ್ಚಾಗಿ ಬಹುಮತದ ಜೊತೆಗೇ ನಿಂತರು, ಫಲಿತಾಂಶವನ್ನು ತಿರುಗಿಸಿದ್ದು ಅಪರೂಪ. ನನಗೆ ಅದರಿಂದ ಪೂರ್ತಿ ಸಮಾಧಾನವಾಗಿಲ್ಲ. ಅಲ್ಲಿ ಪಣಕ್ಕಿಟ್ಟದ್ದು ಪಕ್ಷದ ನಿಲುವು, ಇಲ್ಲಿ ಪಣಕ್ಕಿಡುವುದು ಕಾಂಕ್ರೀಟ್ ರಸ್ತೆಯ ಬಿಲ್ಲು. ಬಿಲ್ಲಿನ ಆಸೆ ಇರುವ ಕಡೆ ಪೇರಿಸಿಕೊಂಡ ಮತ ಸುಮ್ಮನೆ ಕೂರುವುದಿಲ್ಲ.

ಬಜೆಟ್ಟಿಗೆ ಬಂದರೆ ಇನ್ನೊಂದು ತೊಡಕಿದೆ, ಇದನ್ನು ಸಿದ್ಧಾಂತಿಗಳು ಅಷ್ಟಾಗಿ ಜನರಿಗೆ ಬಿಡಿಸಿ ಹೇಳುವುದಿಲ್ಲ. ವಿಷಯಕ್ಕೊಬ್ಬರನ್ನು ನಂಬುವುದು ಸಹಜ. ನೀರಿನ ವಿಷಯದಲ್ಲಿ ನನಗೆ ನೀರುಗಂಟಿಯ ಮಾತೇ ಸೈ, ಯಾವ ವಾಲ್ವ್ ಎಲ್ಲಿ ಸೋರುತ್ತದೆ ಎಂದು ಬಲ್ಲವನು ಅವನು. ಮಕ್ಕಳ ವಿಷಯದಲ್ಲಿ ಅಂಗನವಾಡಿ ಕಾರ್ಯಕರ್ತೆ. ಹೀಗೆ ವಿಷಯವಾರು ಮತ ಕೊಟ್ಟೆ ಎನ್ನಿ. ನೀರುಗಂಟಿ ನೀರಿಗೆ ಹೆಚ್ಚು ಕೇಳುತ್ತಾನೆ, ಅಂಗನವಾಡಿಯವರು ಅಂಗನವಾಡಿಗೆ ಹೆಚ್ಚು ಕೇಳುತ್ತಾರೆ, ಇಬ್ಬರೂ ಕೇಳಿದ್ದು ನನ್ನ ಹೆಸರಿನಲ್ಲೇ. ದುಡ್ಡು ಮಾತ್ರ ಒಂದೇ ಗಂಟು. ನೀರಿಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂಬ ನಡುವಿನ ತೀರ್ಮಾನವನ್ನು ನಾನು ಯಾರಿಗೂ ಕೊಟ್ಟೇ ಇಲ್ಲ. ಮೂರು ಸೊಸೆಯರಿಗೆ ಮೂರು ಡಬ್ಬಿಯ ಬೀಗದ ಕೈ ಕೊಟ್ಟು, ರೇಷನ್ನಿನ ದುಡ್ಡು ಯಾರ ಕೈಯಲ್ಲಿ ಎಂದು ಹೇಳದೆ ತೀರ್ಥಯಾತ್ರೆಗೆ ಹೋದ ಅತ್ತೆಯ ಹಾಗೆ.

ಇದಕ್ಕೆ ದಾರಿ ಪೋರ್ಟೊ ಅಲೆಗ್ರೆಯಲ್ಲೇ ಇತ್ತು. ಯಾವುದು ಮೊದಲು, ಯಾವುದು ಎರಡನೆಯದು ಎಂಬ ಆದ್ಯತೆಯನ್ನು ವಲಯದ ಜನ ತೀರ್ಮಾನಿಸುತ್ತಿದ್ದರು. ಆ ಆದ್ಯತೆಯ ಜೊತೆಗೆ ವಲಯದ ಜನಸಂಖ್ಯೆ, ಅಲ್ಲಿರುವ ಕೊರತೆ ಇವಕ್ಕೆ ಅಂಕ ಹಾಕಿ ಹಣ ಹಂಚುತ್ತಿದ್ದರು. ಆಮೇಲಿನ ಚೌಕಾಸಿಯನ್ನು ಪ್ರತಿನಿಧಿಗಳು ಮಾಡುತ್ತಿದ್ದರು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಈ ಮೊದಲ ತೀರ್ಮಾನದ ಬಹುಪಾಲು ದೆಹಲಿಯಲ್ಲೇ ಮುಗಿದಿರುತ್ತದೆ. 15ನೇ ಹಣಕಾಸು ಆಯೋಗದ 2021ರಿಂದ 26ರ ಅವಧಿಯ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದಾಗಿತ್ತು, 40 ಭಾಗ ಮಾತ್ರ ಊರಿನ ಇಷ್ಟಕ್ಕೆ ಇತ್ತು. ಆ ಲೆಕ್ಕದಲ್ಲಿ ಹತ್ತು ಲಕ್ಷ ಬಂತು ಎಂದರೆ ನಿಮ್ಮ ಕೈ ಎತ್ತುವ ಸ್ವಾತಂತ್ರ್ಯ ನಾಲ್ಕು ಲಕ್ಷದ್ದು. ಅದಕ್ಕೂ ಮುಂಚೆ ಸದಸ್ಯರು ತಮ್ಮೊಳಗೆ ವಾರ್ಡಿಗಿಷ್ಟು ಎಂದು ಸಮನಾಗಿ ಕತ್ತರಿಸಿಕೊಂಡಿದ್ದರೆ, ಒಂದೊಂದು ವಾರ್ಡಿಗೆ ಉಳಿಯುವುದು ಒಂದು ಡೆಕ್ ಸ್ಲ್ಯಾಬಿಗೋ ನಾಲ್ಕು ಬೀದಿದೀಪಕ್ಕೋ ಆಗುವಷ್ಟು. ಇಷ್ಟಕ್ಕೆ ನಾಟಿ ಬಿಟ್ಟು ಬಾ ಎಂದರೆ ಯಾಕೆ ಬರುತ್ತಾರೆ? ಜನ ಸಭೆಗೆ ಬರುವುದಿಲ್ಲ ಎಂದು ಗೊಣಗುವ ಅಧಿಕಾರಿಗಳು ಈ ಲೆಕ್ಕವನ್ನೂ ಒಮ್ಮೆ ಹಾಕಬೇಕು.

ಹಾಗಾದರೆ ನಮ್ಮ ಹೋಬಳಿಯಲ್ಲಿ ಏನು ಮಾಡಬಹುದು? ನನ್ನ ಮೊದಲ ಸಲಹೆಗೂ ಮತ ಒಪ್ಪಿಸುವುದಕ್ಕೂ ಸಂಬಂಧವೇ ಇಲ್ಲ. ಸಭೆಯ ಹೊತ್ತು ಬದಲಾಗಬೇಕು. ನಾಟಿಯ ದಿನಗಳಲ್ಲಿ ಹನ್ನೊಂದು ಗಂಟೆಗೆ, ಅಡಿಕೆ ಕೊಯ್ಲಿನಲ್ಲಿ ಸುಲಿಯುವ ಹೊತ್ತಿಗೆ ಸಭೆ ಇಟ್ಟು, ಆಮೇಲೆ ಬಾರದವರಿಗೆ ಪ್ರತಿನಿಧಿ ಬೇಕು ಎನ್ನುವುದು ಅವರನ್ನು ನಾವೇ ಹೊರಗಿಟ್ಟು ದಯೆ ತೋರಿಸಿದ ಹಾಗೆ. ರಜಾದಿನ ಇಡಬಹುದು ಎಂದು ಕೇರಳದವರು ತೋರಿಸಿದ್ದಾರೆ. ಕೂಲಿಯವರಿಗೆ ಭಾನುವಾರವೂ ಕೆಲಸವೇ ಎಂದಿರಾ? ಅಮಾವಾಸ್ಯೆಯ ದಿನ ಬೇಸಾಯ ಬಿಡುವ ಊರುಗಳು ಇನ್ನೂ ಇವೆ, ಆ ದಿನ ಇಡಿ. ವಾರ್ಡ್ ಸಭೆಯನ್ನಂತೂ ಸಂಜೆ ಏಳಕ್ಕೆ ಕೇರಿಯ ಕಟ್ಟೆಯ ಮೇಲೆ ಮಾಡಲು ಅಡ್ಡಿ ಏನಿದೆ?

ಅದಾದ ಮೇಲೂ ಬರಲಾಗದವರು ಇರುತ್ತಾರೆ. ಹಾಸಿಗೆ ಹಿಡಿದವರು, ಬಾಣಂತಿಯರು, ಅವರನ್ನು ನೋಡಿಕೊಳ್ಳುವವರು, ಶಿವಮೊಗ್ಗದ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಬಸ್ಸು ಹತ್ತಿ ಹೋಗುವ ಹುಡುಗಿಯರು. ಅವರಿಗೆ ಒಂದು ಚೀಟಿ ಇರಲಿ. ಕಾಯ್ದೆಯಲ್ಲಿ ಪ್ರಾಕ್ಸಿಗೆ ಜಾಗ ಇಲ್ಲದಿರುವಾಗ ಈ ಚೀಟಿ ಮತ ಎಂದು ಎಣಿಕೆಗೆ ಬರುವುದಿಲ್ಲ. ಲಿಖಿತ ಬೇಡಿಕೆ ಎಂದು ಸಭೆಯಲ್ಲಿ ಓದಿ ನಡಾವಳಿಯಲ್ಲಿ ದಾಖಲಿಸಲು ಯಾರ ಅಪ್ಪಣೆಯೂ ಬೇಡ. ನನ್ನ ಹೆಸರು, ವಾರ್ಡು, ಯಾವ ವಿಷಯ, ನನಗೆ ಯಾವುದು ಮೊದಲು ಬೇಕು, ನನ್ನ ಪರ ಯಾರು ಮಾತಾಡುತ್ತಾರೆ, ಇಷ್ಟು. ಈ ಒಂದು ಸಭೆಗೆ ಮಾತ್ರ. ಒಬ್ಬರ ಕೈಯಲ್ಲಿ ಮೂರಕ್ಕಿಂತ ಹೆಚ್ಚು ಚೀಟಿ ಕೂಡದು, ಮತ್ತು ಒಬ್ಬರಿಗೆ ಕೊಟ್ಟ ಚೀಟಿ ಅವರಿಂದ ಇನ್ನೊಬ್ಬರಿಗೆ ದಾಟಕೂಡದು. ಚೀಟಿಯನ್ನು ಕೋರಂಗೆ ಲೆಕ್ಕ ಹಿಡಿಯಲೇಬಾರದು. ಹಿಡಿದ ದಿನ ಮೂರು ಮೂರು ಚೀಟಿ ಜೇಬಿನಲ್ಲಿಟ್ಟುಕೊಂಡ ಕೆಲವೇ ಜನ ಸೇರಿ ಗ್ರಾಮಸಭೆ ಮುಗಿಸಿಬಿಡುತ್ತಾರೆ.

ನನಗೆ ನಿಜವಾಗಿ ದಿಗಿಲು ಇರುವುದು ಇನ್ನೊಂದು ಕಡೆ. ಬಾಯಿಮಾತಿನ ಒಪ್ಪಿಗೆಯಲ್ಲಿ ಒಂದು ರಕ್ಷಣೆ ಇದೆ, ಅದು ಮಸುಕಾಗಿರುತ್ತದೆ. ಬರವಣಿಗೆಗೆ ಇಳಿಸಿದರೆ ಯಾರು ಯಾರಿಗೆ ಕೊಟ್ಟರು ಎಂಬುದು ಬಯಲಾಗುತ್ತದೆ. ಕೂಲಿ ಕೊಡುವ ಧಣಿ, ಕೈಸಾಲ ಕೊಟ್ಟವನು, ಸಂಘದ ಕಂತು ವಸೂಲಿ ಮಾಡುವವನು ಬಂದು 'ಚೀಟಿ ನನ್ನ ಹೆಸರಿಗೇ ಬರಿ' ಎಂದು ಬಾಗಿಲಲ್ಲಿ ನಿಂತರೆ ಬೇಡ ಎನ್ನುವುದು ಹೇಗೆ? ಸೈನಿಕರಿಗೆ 2003ರಿಂದ ಚುನಾವಣೆಯಲ್ಲಿ ಪ್ರಾಕ್ಸಿ ಮತದ ಅವಕಾಶ ಇದೆ, ಗಡಿಯಲ್ಲಿರುವ ಸೈನಿಕನ ಬಾಗಿಲಿಗೆ ಊರಿನ ಧಣಿ ಬಂದು ನಿಲ್ಲುವುದಿಲ್ಲ. ಕೂಲಿ ಹೆಂಗಸಿನ ಬಾಗಿಲು ಅಂಥದ್ದಲ್ಲ. ಆದ್ದರಿಂದ ಚೀಟಿ ರದ್ದಾಗುವ ವಿಧಾನ ಬಹಳ ಸುಲಭ ಇರಬೇಕು. ಕೊಟ್ಟವರು ಸಭೆಗೆ ಬಂದು ಕೂತರೆ ಸಾಕು, ಅವರ ಚೀಟಿ ತಾನಾಗಿ ಸತ್ತಿತು. ಯಾರ ಮುಖಕ್ಕೂ ಎದುರಾಡಬೇಕಿಲ್ಲ, ಅರ್ಜಿ ಕೊಡಬೇಕಿಲ್ಲ. 'ಹೇಗೂ ಬಿಡುವಾಯ್ತು, ಬಂದೆ' ಎಂದರೆ ಮುಗಿಯಿತು.

ಈ ಊರಿನವರಿಗೇ ಸಂಬಂಧಿಸಿದ ಒಂದು ಮಾತು ಉಳಿದಿದೆ. ಸುತ್ತಲಿನ ಅಗರದಹಳ್ಳಿ, ಅರಹತೊಳಲಿನವರಿಗೆ ಗ್ರಾಮಸಭೆ ಇದೆ. ಹೊಳೆಹೊನ್ನೂರು ಈಗ ಪಟ್ಟಣ ಪಂಚಾಯಿತಿ. ಪಟ್ಟಣವಾಯಿತು ಎಂದು ನಾವು ಸಂತೋಷಪಟ್ಟೆವು, ಗ್ರಾಮಸಭೆ ನಮ್ಮ ಕೈಬಿಟ್ಟು ಹೋದದ್ದನ್ನು ಯಾರೂ ಗಮನಿಸಲಿಲ್ಲ. ಸಂವಿಧಾನದ 243-ಎಸ್ ಅನುಚ್ಛೇದ ವಾರ್ಡ್ ಸಮಿತಿ ಕಡ್ಡಾಯ ಮಾಡಿರುವುದು ಮೂರು ಲಕ್ಷಕ್ಕೆ ಮೇಲಿನ ನಗರಗಳಿಗೆ. 2011ರ ಗಣತಿಯಲ್ಲಿ ಶಿವಮೊಗ್ಗ ಆ ಗೆರೆ ದಾಟಿತ್ತು, ಭದ್ರಾವತಿ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು, ನಾವಂತೂ ಎಲ್ಲೋ ಕೆಳಗೆ. ಹಳ್ಳಿಯಾಗಿದ್ದಾಗ ಇದ್ದ ಹಕ್ಕು ಪಟ್ಟಣವಾದಾಗ ಹೋಯಿತು, ನಗರವಾಗುವವರೆಗೆ ವಾಪಸ್ ಬರುವುದಿಲ್ಲ. ನಮಗೆ ಉಳಿದಿರುವುದು ಬಜೆಟ್ ಪೂರ್ವಭಾವಿ ಸಭೆ. ಅಲ್ಲಿ ಸಲಹೆ ಹೇಳಬಹುದು, ಕೈ ಎತ್ತುವಂತಿಲ್ಲ. ಆ ಸಭೆಗಾದರೂ ವಾರ್ಡಿನವರು ಮೊದಲು ತಮ್ಮಲ್ಲಿ ಸೇರಿ, ಹತ್ತು ಜನಕ್ಕೊಬ್ಬರಂತೆ ಆರಿಸಿ ಕಳಿಸಿದರೆ, ಒಬ್ಬೊಬ್ಬರೇ ಎದ್ದು ತಮ್ಮ ಮನೆ ಮುಂದಿನ ಚರಂಡಿಯನ್ನೇ ಹೇಳುವುದು ನಿಲ್ಲುತ್ತದೆ.

ಪ್ರತಿನಿಧಿ ಅಲ್ಲಿ ಹೋಗಿ ಮನಸ್ಸು ಬದಲಿಸಿದರೆ? ಶಾಲೆಯ ಶೌಚಾಲಯ ಕೇಳು ಎಂದು ಕಳಿಸಿದೆವು, ಅದಕ್ಕೆ ಬೇರೆ ಇಲಾಖೆಯಿಂದ ಈಗಾಗಲೇ ಹಣ ಬಂದಿದೆ ಎಂದು ಅಧಿಕಾರಿ ಸಭೆಯಲ್ಲೇ ಹೇಳಿದರು, ನಮ್ಮವರು ನಮ್ಮ ಪಾಲಿನ ಹಣವನ್ನು ಸ್ಮಶಾನದ ದಾರಿಗೆ ಹಾಕಿಸಿದರು. ಹೇಳಿದ್ದನ್ನೇ ಹೇಳಬೇಕಾಗಿತ್ತು ಎನ್ನುವವರೂ ಇದ್ದಾರೆ, ಬುದ್ಧಿ ಉಪಯೋಗಿಸಲೆಂದೇ ಕಳಿಸಿದ್ದು ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ, ಒಂದು ಷರತ್ತಿನ ಮೇಲೆ: ಅದೇ ಸಂಜೆ ವಾರ್ಡಿಗೆ ಬಂದು, ಏನು ಹೇಳಿದೆ, ಯಾಕೆ ಹೇಳಿದೆ ಎಂದು ಕಳಿಸಿದವರ ಮುಂದೆ ನಿಂತು ಹೇಳಬೇಕು. ಡಿಸಿಸಿ ಬ್ಯಾಂಕಿಗೆ ಹೋಗುವ ಡೆಲಿಗೇಟಿಗೆ ಇಲ್ಲದ ಈ ಒಂದು ಕೆಲಸವನ್ನು ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದೇನೆ.

ಚೀಟಿಯ ಮಾದರಿಗಳು ಹೊರಗೆ ಪುಸ್ತಕದ ಮೇಜಿನ ಮೇಲಿವೆ. ತಿದ್ದಬೇಕಾದ್ದು ಬಹಳ ಇದೆ, ಮೂರು ಎಂಬ ಮಿತಿ ಹೆಚ್ಚೋ ಕಡಿಮೆಯೋ ಎಂಬುದೂ ಸೇರಿ. ಪೆನ್ನು ತಂದವರು ಅಲ್ಲೇ ಗೀಚಿ ಕೊಡಿ. ಈಗ ಪ್ರಶ್ನೆಗಳಿಗೆ ಹೊತ್ತಿದೆ, ಹಿಂದೆ ಕೂತಿರುವ ಹೆಣ್ಣುಮಕ್ಕಳಿಂದ ಶುರುವಾಗಲಿ.